ಬಾಯಿ ಮುಚ್ಚಿ ಹಾಡಿದ ಬೆಳಗು

೨೦೦೯ರ ಮಳೆಗಾಲ ಮುಗಿಯುತ್ತಿದ್ದ ದಿನಗಳು. ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ವಲಯದ ನಮ್ಮ ಮನೆಯಲ್ಲಿ ನಾನು ದಿನವೂ ಬೆಳಿಗ್ಗೆ ಆರಕ್ಕೆ ಶ್ರುತಿಪೆಟ್ಟಿಗೆ ಹಾಕಿ ಸಂಗೀತ ಸಾಧನೆಗೆ ಕೂರುತ್ತಿದ್ದೆ. ಕನ್ನಡ ಸಂಘದ ಮಹಿಳಾ ವಿಭಾಗದಲ್ಲಿ ಹೆಣ್ಣಿನ ಹಕ್ಕುಗಳ ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲ ನನಗೆ, ಮೇಲಿನ ಷಡ್ಜ ಬಂತೆಂದರೆ ಗಂಟಲು ಬಿಗಿಯುತ್ತಿತ್ತು, ಸ್ವರ ಕಿರುಚಾಟದಂತಾಗುತ್ತಿತ್ತು.

ಸೊಸೈಟಿಯ ಸಭೆಯಲ್ಲಿ ಈ ಬಗ್ಗೆ ದೂರು ಬಂದಾಗ ನನ್ನ ಪರವಾಗಿ ಎದ್ದು ನಿಂತವರು ಒಬ್ಬರೇ: ಪಕ್ಕದ ಮನೆಯ ರಮಾನಂದ. ಉಡುಪಿ ಕಡೆಯವರು, ಕಲ್ಯಾಣದ ಹೋಟೆಲೊಂದರ ಮ್ಯಾನೇಜರ್. "ನೀವು ಹಾಡಿ ಅಕ್ಕ. ಇನ್ನೂ ಜೋರು ಹಾಡಿ ಮಾರಾಯ್ರೆ. ಬೆಳಿಗ್ಗೆ ಬೆಳಿಗ್ಗೆ ದೇವರ ನಾಮ ಕೇಳಿದ ಹಾಗಾಗ್ತದೆ" ಎಂದಿದ್ದರು. ನನಗೆ ಕಣ್ಣು ತುಂಬಿ ಬಂದಿತ್ತು.

ಠಾಣೆ ನಗರದ ನೌಪಾಡಾದಲ್ಲಿದ್ದ ನನ್ನ ಗುರುಗಳು ಒಂದು ಭಾನುವಾರ ಗದರಿದರು. ಮೇಲಿನ ಸ್ವರವನ್ನು ಬಲದಿಂದ ತಳ್ಳಬಾರದು. ಕೆಲವು ದಿನ ಬಾಯಿ ಮುಚ್ಚಿ, ಗುನುಗುತ್ತ ಮೆಲ್ಲನೆ ಏರಬೇಕು ಎಂದರು.

ಮರುದಿನ ಹಾಗೆಯೇ ಮಾಡಿದೆ. ತುಟಿ ಕೂಡಿಸಿ ಪಂಚಮ ದಾಟಿದೆ. ಅಷ್ಟರಲ್ಲಿ ಗೋಡೆಯಾಚೆ ಏನೋ ಬಡಿದ ಸದ್ದು. ಮತ್ತೊಮ್ಮೆ. ಬಳಿಕ, ಬಾಯಿ ಒತ್ತಿ ಹಿಡಿದಾಗ ಹೊರಡುವಂಥ ಹೆಣ್ಣಿನ ನರಳಿಕೆ. ನನ್ನ ಗುನುಗು ನಿಂತಿತು. ಅದು ನಿಲ್ಲಲಿಲ್ಲ.

ಓಡಿ ಹೋಗಿ ಬೆಲ್ ಒತ್ತಿದೆ. ರಮಾನಂದ ಬಾಗಿಲು ತೆರೆದು, ಅಂಗಿಯ ತೋಳು ಇಳಿಸಿಕೊಳ್ಳುತ್ತ ನಕ್ಕರು.

"ಎಂತ ಅಕ್ಕ, ಇವತ್ತು ಹಾಡ್ಲಿಲ್ವಾ?"

ಹಿಂದೆ ಅವರ ಹೆಂಡತಿ ಶಶಿಕಲಾ ಸೆರಗಿನಿಂದ ತುಟಿ ಒತ್ತಿಕೊಂಡು ನಿಂತಿದ್ದಳು. ಇಲ್ಲಿಂದ ಮುಂದೆ ಆ ಮನುಷ್ಯನಿಗೆ ನಾನು ಬಹುವಚನ ಬಳಸಲಾರೆ. ಗಂಡ ಹೆಂಡಿರ ನಡುವೆ ನಿಮಗೇನು ಕೆಲಸ, ನಿಮ್ಮ ಸಂಗೀತ ನೋಡಿಕೊಳ್ಳಿ ಎಂದು ಅವನು ಗುಡುಗಿದ. ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಶಶಿಕಲಾ ಮಗಳ ಕೈ ಹಿಡಿದು ನನ್ನ ಮನೆಗೆ ಬಂದಳು.

ಅಡುಗೆಮನೆಯಲ್ಲಿ ಕೂತು ಮೆಲ್ಲಗೆ ಹೇಳಿದಳು: "ನಿಮ್ಮ ಶ್ರುತಿ ಶುರುವಾದ ಕೂಡ್ಲೆ ನಾನು ಮಗುವನ್ನು ಬಾತ್‌ರೂಮಿಗೆ ಕಳಿಸ್ತಿದ್ದೆ ಅಕ್ಕ. ನೀವು ಜೋರು ಹಾಡುವಾಗ್ಲೇ ಅವರು ಹೊಡಿಯುದು. ಹೊರಗೆ ಕೇಳುದಿಲ್ಲ ಅಲ್ವಾ. ಇವತ್ತೂ ಹಾಡ್ತೀರಿ ಅಂತ ಎಣಿಸಿದ್ರು."

ಇನ್ನೂ ಜೋರು ಹಾಡಿ ಎಂದಿದ್ದನಲ್ಲ!

ಹೊಡೆದದ್ದು ಅಪರಾಧ. "ಘರ್ ಕಾ ಮಾಮ್ಲಾ ಹೈ ಮ್ಯಾಡಮ್, ಛೋಡೋ", ಮನೆಯೊಳಗಿನ ವಿಷಯ ಬಿಟ್ಟುಬಿಡಿ, ಎಂದು ಸೊಸೈಟಿಯ ಸೆಕ್ರೆಟರಿ ಕೈ ಕೊಡವಿಕೊಂಡದ್ದು ಅನ್ಯಾಯ. ಕೆಳಗಿನ ಮನೆಯವರು ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದು ಅನ್ಯಾಯ. ಹೊಂದಿಕೊಂಡು ಹೋಗಮ್ಮ ಎಂದು ನಮ್ಮ ಸಂಘದ ಹೆಂಗಸರೇ ಅವಳಿಗೆ ಬುದ್ಧಿ ಹೇಳಿದ್ದು, ನನ್ನ ಮಟ್ಟಿಗೆ, ಎಲ್ಲಕ್ಕಿಂತ ದೊಡ್ಡ ಅನ್ಯಾಯ. ನಾನೂ ಶಶಿಕಲಾಳೂ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ಅಂದು ಸಂಜೆಯೇ ಅವಳು ಮಗಳೊಂದಿಗೆ ನವಿ ಮುಂಬಯಿಯ ಸೀವುಡ್ಸ್‌ನಲ್ಲಿದ್ದ ತನ್ನ ಅಕ್ಕನ ಮನೆ ಸೇರಿದಳು. ಮತ್ತೆ ಆ ಮನೆಗೆ ಮರಳಲಿಲ್ಲ.

ಮೇಲಿನ ಷಡ್ಜ ಈಗ ನನಗೆ ಸಲೀಸಾಗಿ ಒಲಿದಿದೆ. ಪಕ್ಕದ ಮನೆಗೆ ಬೇರೆ ಸಂಸಾರ ಬಂದಿದೆ, ಸಂಭಾವಿತರು. ಆದರೂ ದಿನವೂ ಶ್ರುತಿ ಹಾಕಿ, ಒಮ್ಮೆ ಗುನುಗಿ, ಶ್ರುತಿಯನ್ನೂ ನಿಲ್ಲಿಸಿ ಗೋಡೆಗೆ ಕಿವಿಗೊಡುತ್ತೇನೆ. ಅವರ ಕುಕ್ಕರ್ ಸೀಟಿಯೋ, ಮಕ್ಕಳ ಜಗಳವೋ ಕೇಳಿಸಿದ ಮೇಲೆಯೇ ಬಾಯಿ ತೆರೆಯುತ್ತೇನೆ.