ಸೊಂಟ ಇಪ್ಪತ್ತಾರು

ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಬೀದಿಯವರಿಗೆಲ್ಲ ಆಕೆ ಟೇಪಕ್ಕ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ ಊರಿನ ಸೊಂಟಗಳ ಚರಿತ್ರೆಯೇ ಬಾಯಿಪಾಠ. ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುವವರು ಯಾರು, ಎರಡೇ ತಿಂಗಳಿಗೆ ಪ್ಯಾಂಟು ಸಡಿಲಿಸಲು ಬರುವವರು ಯಾರು, ಎಲ್ಲ ಗೊತ್ತು. ಒಂದು ಅಳತೆ ಪುಸ್ತಕವನ್ನೂ ಎಸೆದವಳಲ್ಲ. ಹಳೆಯವೆಲ್ಲ ಅಟ್ಟದ ಮೇಲಿದ್ದವು.

ಆಕೆಯ ಅಮ್ಮ ಕಡ್ಡಿಯಂತಿದ್ದವಳು. ಆದರೂ ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ ಬಂತು. ಮನೆಯ ಯಜಮಾನಿಕೆ ನಡೆಸುತ್ತಿದ್ದ ಸೋದರತ್ತೆಗೆ ಕಾರಣ ಹುಡುಕಲು ಅರೆಗಳಿಗೆಯೂ ಹಿಡಿಯಲಿಲ್ಲ.

"ಕದ್ದು ತಿಂತಾಳೆ, ಇನ್ನೇನು."

ಅಂದೇ ಸಕ್ಕರೆ ಡಬ್ಬಕ್ಕೆ ಬೀಗ ಬಿತ್ತು, ಕೀಲಿಕೈ ಅತ್ತೆಯ ಸೊಂಟ ಸೇರಿತು. ಹನ್ನೊಂದು ವರ್ಷದ ಟೇಪಕ್ಕನಿಗೆ ಒಂದು ಕೆಲಸವೂ ಅಂಟಿಕೊಂಡಿತು: ಅಡುಗೆಮನೆಯಿಂದ ಬಂದಾಗಲೆಲ್ಲ ಅಮ್ಮನ ಬಾಯಿ ಮೂಸಿ ನೋಡುವುದು. ಅಮ್ಮ ತುಟಿಪಿಟಕ್ಕೆನ್ನದೆ ಬಗ್ಗಿ ಬಾಯಿ ತೆರೆಯುತ್ತಿದ್ದಳು. ಹುಡುಗಿ ಹೋಗಿ "ಏನೂ ಇಲ್ಲ ಅತ್ತೆ" ಎನ್ನುತ್ತಿದ್ದಳು. ಒಂದೇ ಒಂದು ದಿನ ಹಾಗೆನ್ನಲಿಲ್ಲ. ಆ ದಿನದ ವಿಷಯವನ್ನು ಆಕೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಅಮ್ಮ ಮೊದಲು ಕಣ್ಣು ಕಳೆದುಕೊಂಡಳು, ಆಮೇಲೆ ಪ್ರಾಣ. "ಬಾಯಿ ಕಟ್ಟಿದ್ರೆ ಇನ್ನೂ ಬದುಕ್ತಿದ್ಲು" ಎಂದು ಅತ್ತೆ ಹೆಣದ ಮುಂದೆಯೇ ಅಂದಳು.

ಈಗ ಐವತ್ತರ ಟೇಪಕ್ಕನ ರಕ್ತದಲ್ಲೂ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿತು. ಎಂಬತ್ತು ದಾಟಿದರೂ ಗಟ್ಟಿಯಾಗಿದ್ದ, ಸಕ್ಕರೆ ಡಬ್ಬದ ಕೀಲಿಕೈಯನ್ನು ಇನ್ನೂ ಸೊಂಟಕ್ಕೆ ಕಟ್ಟಿಕೊಂಡೇ ಇದ್ದ ಅತ್ತೆ "ತಾಯಿ ಚಾಳಿ" ಎಂದು ಮೂಗು ಮುರಿದಳು. ಟೇಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತನ್ನನ್ನು ಅಂದರೆ ಅನ್ನಲಿ, ಸತ್ತವಳನ್ನು ಇನ್ನೂ ಕಳ್ಳಿ ಮಾಡುವುದೇ?

ಚಿಕ್ಕಮ್ಮನನ್ನೂ ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋದಳು. ಅಮ್ಮನ ಬೆನ್ನಿಗೇ ಹುಟ್ಟಿದ ಆ ಚಿಕ್ಕಮ್ಮನದೂ ಕಡ್ಡಿ ಮೈ, ಅದೇ ಕಾಯಿಲೆ. ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಕೊಬ್ಬು ಬರೀ ಗೋದಾಮಲ್ಲ ಅಮ್ಮ, ಹಾರ್ಮೋನನ್ನೂ ಮಾಡುತ್ತೆ. ಅದರಲ್ಲೊಂದು ಇನ್ಸುಲಿನ್‌ಗೆ ಕೈಜೋಡಿಸೋ ಹಾರ್ಮೋನು. ಅದನ್ನ ಮಾಡಿಸೋ ಜೀನ್ ನಿಮ್ಮ ತಾಯಿ ಕಡೆಯವರಲ್ಲಿ ಸ್ವಲ್ಪ ಬೇರೆ ಥರ ಇದೆ, ಹಾರ್ಮೋನು ಕಮ್ಮಿ ಬರುತ್ತೆ. ಹಾಗಾಗಿ ಸಣ್ಣಗಿದ್ದೋರಿಗೂ ಅಪಾಯ ಹೆಚ್ಚು. ಬಂದೇ ಬರುತ್ತೆ ಅಂತಲ್ಲ. ದಿನಾ ನಡೀರಿ, ಊಟ ನೋಡ್ಕೊಳ್ಳಿ."

ಟೇಪಕ್ಕ ಬಸ್ಸು ಹತ್ತದೆ ಮನೆತನಕ ನಡೆದೇ ಬಂದಳು. ಅಟ್ಟ ಹತ್ತಿ ಧೂಳು ಕೊಡವಿ ಎಂಟು ಪುಸ್ತಕ ಇಳಿಸಿ, ಅತ್ತೆಯ ಮುಂದೆ ದೊಪ್ಪನೆ ಹಾಕಿದಳು.

"ಅಮ್ಮಂಗೆ ನಾನೇ ಬಟ್ಟೆ ಹೊಲಿದಿದ್ದು. ಅವಳ ಕೊನೇ ಎಂಟು ವರ್ಷ, ಸೊಂಟ ಇಪ್ಪತ್ತಾರು. ಒಂದಿಂಚು ಹೆಚ್ಚಿದ್ರೆ ತೋರಿಸಿ. ಅವಳು ಕದ್ದು ತಿಂದೋಳಲ್ಲ. ಅವಳ ತವರಿನ ರಕ್ತದಲ್ಲೇ ಅದು ಇತ್ತು."

ಅತ್ತೆ ಪುಸ್ತಕ ಮುಟ್ಟಲಿಲ್ಲ. "ನೀನೇ ಹೇಳಿದ್ದೆಯಲ್ಲ, ಒಂದಿನ, ಬಾಯಲ್ಲಿ ವಾಸನೆ ಬಂತು ಅಂತ."

ಮೂವತ್ತೊಂಬತ್ತು ವರ್ಷ ಕಾದಿದ್ದ ಮಾತು ಕೊನೆಗೂ ಎದುರಿಗೆ ಬಂದು ನಿಂತಿತು. ಟೇಪಕ್ಕ ತಲೆ ತಗ್ಗಿಸಲಿಲ್ಲ.

"ಸುಳ್ಳು ಹೇಳಿದ್ದೆ. ಇಲ್ಲ ಅಂದಾಗೆಲ್ಲ ಮುಖ ತಿರುಗಿಸ್ತಿದ್ರಿ. ಅವತ್ತು ಹತ್ತಿರ ಕರೆದು ತಲೆ ಸವರಿದ್ರಿ. ಅಮ್ಮ ಬಾಗಿಲಲ್ಲೇ ನಿಂತು ಕೇಳಿಸ್ಕೊಂಡ್ಲು. ಆದ್ರೂ ಮಾರನೇ ದಿನ ಬಗ್ಗಿ ಬಾಯಿ ತೆರೆದ್ಲು."

ಅತ್ತೆಯ ಕೈ ಸೊಂಟದ ಕೀಲಿಕೈಗೆ ಹೋಯಿತು. ಆಮೇಲೆ, "ಹಾಗಾದ್ರೆ ನಿಂಗೂ ಬರೋದೇ" ಅಂದಳು.

"ಬರಲಿ, ನೋಡ್ಕೋತೀನಿ. ಸುಲಭವಾಗಿ ಒಳಗೆ ಬಿಟ್ಕೊಳ್ಳಲ್ಲ. ಆದ್ರೂ ಬಂದ್ರೆ ಅದಕ್ಕೆ ಕಾಯಿಲೆ ಅಂತ ಹೆಸರು, ಕಳ್ಳತನ ಅಂತಲ್ಲ. ಕೀ ಕೊಡಿ."

ಮುದಿ ಬೆರಳುಗಳಿಗೆ ಗಂಟು ಬಿಚ್ಚಲಾಗಲಿಲ್ಲ. ಟೇಪಕ್ಕ ಕತ್ತರಿ ತಂದು ದಾರ ಕತ್ತರಿಸಿ, ಬೀಗ ತೆಗೆದು, ಡಬ್ಬವನ್ನು ಎಲ್ಲರ ಕೈಗೆ ಎಟಕುವ ಹಲಗೆಯ ಮೇಲೆ ಇಟ್ಟಳು. ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಮುಂದೆ ಬಂದು, ಅಮ್ಮ ಬಗ್ಗುತ್ತಿದ್ದಷ್ಟೇ ಬಗ್ಗಿ, ಬಾಯಿ ತೆರೆದು ನಿಂತಳು.

ಅತ್ತೆ ಮುಖ ಮುಚ್ಚಿಕೊಂಡಳು.