ನಾಲ್ಕು ಬೆರಳಿನ ಮಡಿಕೆ

ಶಿವಾಜಿನಗರದ ನನ್ನ ಹೊಲಿಗೆ ಅಂಗಡಿಯಲ್ಲಿ ನಾನು ಮತ್ತು ಮಷೀನು, ಇಬ್ಬರೇ. ಬೆಳೆಯುವ ಮಕ್ಕಳಲ್ಲವೇ, ಮುಂದೆ ಬಿಚ್ಚಿ ಉದ್ದ ಮಾಡಬಹುದು ಎಂದು ಶಾಲೆಯ ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಿಚಿ ಹೊಲಿಯುತ್ತೇನೆ.

ಹೋದ ವರ್ಷ ಹೊಲಿದುಕೊಟ್ಟ ನೀಲಿ ಲಂಗವನ್ನು ಹಿಂದಿನ ಬೀದಿಯ ರೇಷ್ಮಾ ಒಂದು ದಿನ ವಾಪಸು ತಂದಳು.

“ಖಾಲಾ, ಇದನ್ನ ಕತ್ತರಿಸಿ ತಮ್ಮನಿಗೆ ಚಡ್ಡಿ ಹೊಲಿದುಕೊಡಿ.”

“ನಿನಗೆ ಬೇಡ್ವಾ ಬೇಟಿ?”

“ಅಮ್ಮಿ ಇಂದಿರಾನಗರಕ್ಕೆ ಮನೆಗೆಲಸಕ್ಕೆ ಹೋಗ್ತಾರೆ. ಪಾಪುನ ನಾನೇ ನೋಡ್ಕೋಬೇಕು, ಇನ್ನೆಲ್ಲಿ ಸ್ಕೂಲು?” ಎಂದವಳು, “ಜೇಬು ಆಳವಾಗಿಡಿ ಖಾಲಾ, ತಮ್ಮ ಸ್ಕೂಲಲ್ಲಿ ದಿನಾ ಪೆನ್ಸಿಲ್ ಕಳೀತಾನೆ, ಪೆದ್ದ” ಎಂದು ನಕ್ಕಳು.

ಬಿಸ್ಮಿಲ್ಲಾ ಎನ್ನದೆ ನಾನು ಯಾವ ಬಟ್ಟೆಗೂ ಕತ್ತರಿ ಹಾಕುವುದಿಲ್ಲ. ಅವಳು ಹೋದ ಮೇಲೆ ಕತ್ತರಿ ಹಿಡಿದು ಕೂತರೆ ಆ ಮಾತು ಬಾಯಿಗೆ ಬರಲೇ ಇಲ್ಲ. ಹೇಳಿಕೊಳ್ಳಲು ಅಂಗಡಿಯಲ್ಲಿ ಇನ್ನೊಂದು ಜೀವವೂ ಇರಲಿಲ್ಲ.

ಕೊನೆಗೆ ಬೇರೆ ನೀಲಿ ಬಟ್ಟೆಯಲ್ಲಿ ಚಡ್ಡಿ ಹೊಲಿದು, ಲಂಗದ್ದೇ ಎಂದು ಸುಳ್ಳು ಹೇಳಿ ಕೊಟ್ಟೆ. ಅವಳು ಜೇಬಿಗೆ ಕೈ ಹಾಕಿ ಆಳ ನೋಡಿಕೊಂಡು ಹೋದಳು.

ಲಂಗ ಇನ್ನೂ ಮಷೀನಿನ ಹಿಂದೆ ನೇತಾಡುತ್ತಿದೆ. ನನ್ನ ಸುಳ್ಳನ್ನು ಅಲ್ಲಾಹ್ ಕ್ಷಮಿಸಲಿ. ಅವಳನ್ನು ಮತ್ತೆ ಶಾಲೆಗೆ ಕಳಿಸು ಎಂದು ದಿನವೂ ಬೇಡುತ್ತೇನೆ. ಅವನಿಗೆ ತಿಳಿಯದ್ದೇನಿದೆ? ಆದರೂ ಮಡಿಕೆಯಲ್ಲಿರುವುದು ನಾಲ್ಕೇ ಬೆರಳು ಬಟ್ಟೆ ಎಂದು ಮೆಲ್ಲಗೆ ನೆನಪಿಸುತ್ತೇನೆ.