ಮುಚ್ಚಿಡದ ಅತ್ತೆ

ನನ್ನ ಅತ್ತೆಯ ಹುಬ್ಬು ಯಾವಾಗಲೂ ಬೆಳ್ಳಗಿರುತ್ತಿತ್ತು. ವಯಸ್ಸಿನಿಂದಲ್ಲ, ಅಕ್ಕಿಹಿಟ್ಟಿನಿಂದ. ನಂಜನಗೂಡಿನಲ್ಲಿ ರೈಲ್ವೆ ಗೇಟಿನ ಹತ್ತಿರ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಮಾವ ತೀರಿಕೊಂಡ ಮೇಲೆ ಅದನ್ನು ಅವರೊಬ್ಬರೇ ನಡೆಸುತ್ತಿದ್ದರು. ಎಷ್ಟು ಮುಖ ತೊಳೆದರೂ ರೆಪ್ಪೆಯ ಬುಡದಲ್ಲಿ ಹಿಟ್ಟು ಉಳಿದೇ ಇರುತ್ತಿತ್ತು. ಮಷೀನಿನ ಸದ್ದಿನಲ್ಲಿ ಕೂಗಿ ಕೂಗಿ ಗಂಟಲೂ ದೊಡ್ಡದಾಗಿತ್ತು. ಮನೆಯೊಳಗೆ ಅವರು ಕಾಫಿ ಬೇಕಾ ಎಂದು ಕೇಳಿದರೆ ಎದುರು ಮನೆಯವರು ಬೇಡ ಎನ್ನುವ ಹಾಗಿತ್ತು.

ಆದರೆ ನಾನು ಮೊದಲ ಸಲ ಕೇಳಿದ್ದು ಅವರ ತಗ್ಗಿದ ದನಿಯನ್ನು. ತೊಂಬತ್ತರ ದಶಕದ ಶುರು. ಟಿ. ನರಸೀಪುರದ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದರು. ಒಳಗೆ ಉಪ್ಪಿಟ್ಟು, ಕೇಸರಿಬಾತು ನಡೆಯುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದ ಅವರು ನನ್ನ ತೋಳು ಹಿಡಿದುಕೊಂಡರು.

"ನಿಂಗೊಂದು ಮಾತು ಏಳ್ಬೇಕು ಕಣವ್ವ. ಕೇಳಿದ್ಮೇಲೆ ಬ್ಯಾಡ ಅಂದ್ರೂ ನಂಗೇನೂ ಬ್ಯಾಸರಿಲ್ಲ."

ಅವರ ತಂದೆ ತಾವಾಗಿಯೇ ಜೀವ ಕಳೆದುಕೊಂಡಿದ್ದರಂತೆ. ಅಣ್ಣ ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದು ಹಾಗೇ ಹೋದರಂತೆ. ಮಗ ಹುಟ್ಟಿದ ಮೇಲೆ ಇವರಿಗೂ ಬದುಕೇ ಬೇಡವಾಗಿತ್ತಂತೆ. ಮಗು ಅಳುವುದು ಕೇಳಿಸುತ್ತಿತ್ತು, ಏಳಲು ಮಾತ್ರ ಆಗುತ್ತಿರಲಿಲ್ಲ ಅಂದರು.

"ನಮ್ ರಕ್ತದಲ್ಲೇ ಅದೆ. ನನ್ ಮಗಂಗೆ ಬಂದ್ರೂ ಬರ್ಬೋದು, ಬರ್ದೇನೂ ಇರ್ಬೋದು. ಇವತ್ತಿನಗಂಟ ಚೆನ್ನಾಗವ್ನೆ. ಮುಚ್ಚಿಮಡಗಿ ನಿನ್ನ ಕರ್ಕೊಂಡೋದ್ರೆ ನಾಳೆ ನಿನ್ ಮಕ ಎಂಗೆ ನೋಡ್ಲಿ?"

ಸಂಗತಿ ತಿಳಿದ ಅಪ್ಪ, ಹುಚ್ಚಿನ ಮನೆತನಕ್ಕೆ ಹೆಣ್ಣು ಕೊಡುವುದಿಲ್ಲ ಎಂದು ಎದ್ದು ನಿಂತರು. ನಾನೇ ಹಟ ಹಿಡಿದೆ. ನನ್ನ ಅಕ್ಕನ ಗಂಡನಿಗೆ ಮೂರ್ಛೆ ರೋಗವಿದ್ದದ್ದು ನಮಗೆ ಗೊತ್ತಾಗಿದ್ದು ಮದುವೆ ಮುಗಿದ ಮೇಲೆ. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಹೇಳಿ ಕರೆದುಕೊಂಡು ಹೋಗುವ ಅತ್ತೆಯೇ ವಾಸಿ ಅನ್ನಿಸಿತು ನನಗೆ. ನನ್ನ ಗಂಡನಿಗೆ ಮಾತ್ರ ಅಮ್ಮ ಹೀಗೆ ಹೇಳಿದ್ದು ಹಿಡಿಸಲೇ ಇಲ್ಲ. ಆ ಮಾತು ಎತ್ತಿದರೆ "ಸುಮ್ನಿರವ್ವ, ಊರಿಗೆಲ್ಲ ಡಂಗುರ ಹೊಡೀಬೇಡ" ಎಂದು ಸಿಡುಕುತ್ತಿದ್ದರು.

ಏಳೆಂಟು ವರ್ಷ ಏನೂ ಆಗಲಿಲ್ಲ. ಮಗಳು ಹುಟ್ಟಿದಳು. ಆಮೇಲೆ ನನ್ನ ಗಂಡ ಕೆಲಸ ಮಾಡುತ್ತಿದ್ದ ಸಣ್ಣ ಕಾರ್ಖಾನೆ ಬಾಗಿಲು ಹಾಕಿತು. ಇವರ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನಿದ್ದ. ಅವನು ಸ್ವಲ್ಪ ದಿನ ಮಾಲೀಕನನ್ನು ಬಾಯಿಗೆ ಬಂದಂತೆ ಬೈದು, ಬಾಡಿಗೆ ಆಟೋ ಹಿಡಿದ. ಇವರು ಗಡ್ಡ ಬೋಳಿಸುವುದನ್ನು ಬಿಟ್ಟರು, ಸ್ನಾನ ಬಿಟ್ಟರು, ಕೊನೆಗೆ ತಟ್ಟೆಯ ಮುಂದೆ ಕೂತು ಅನ್ನವನ್ನು ಸುಮ್ಮನೆ ನೋಡತೊಡಗಿದರು. ಸೋಮಾರಿತನ ಅಂದರು ಕೆಲವರು. ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಅಂದರು ಇನ್ನು ಕೆಲವರು. ಅತ್ತೆ ಒಂದು ಬೆಳಿಗ್ಗೆ, ಜನ ಡಬ್ಬ ಹಿಡಿದು ಸಾಲಿನಲ್ಲಿ ನಿಂತಿರುವಾಗಲೇ ಮಷೀನು ನಿಲ್ಲಿಸಿ, ಹಿಟ್ಟಿನ ಸೀರೆಯಲ್ಲೇ ಮನೆಗೆ ಬಂದು "ನಡೀರಿ, ಮೈಸೂರ್ಗೆ" ಅಂದರು.

ಡಾಕ್ಟರ ಮುಂದೆ ಅತ್ತೆ ಕೇಳಿದ್ದು ಒಂದೇ.

"ಇವ್ನ ಜೊತೆಗಾರಂಗೂ ಕೆಲ್ಸ ಓಯ್ತು ಸಾ. ಅವ್ನು ಆಟೋ ಓಡುಸ್ತಾವ್ನೆ. ಇವ್ನಿಗ್ಯಾಕೆ ಇಂಗಾಯ್ತು?"

"ಒಂದೇ ದುಃಖಕ್ಕೆ ಎಲ್ಲರ ಮೆದುಳೂ ಒಂದೇ ಥರ ಮಿಡಿಯಲ್ಲಮ್ಮ," ಅಂದರು ಡಾಕ್ಟರು. "ಭಯ, ದುಃಖ ಕೆಲವರ ಮೆದುಳಲ್ಲಿ ಬೇಗ ಏಳುತ್ತೆ, ಬೇಗ ಸುಮ್ಮನಾಗಲ್ಲ. ಸ್ವಲ್ಪ ಮಟ್ಟಿಗೆ ಅದು ಹುಟ್ಟಿನಿಂದ ಬರೋದು. ವಂಶದಲ್ಲಿ ಇದ್ದರೆ ಬಂದೇ ಬರುತ್ತೆ ಅಂತೇನಲ್ಲ. ಬದುಕಿನ ಪೆಟ್ಟೂ ಜೊತೆಗೆ ಸೇರುತ್ತೆ."

"ಅಂಗಾದ್ರೆ ನಾನ್ ಕೊಟ್ಟಿದ್ದು ತಾನೆ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಬೇಕು ಅಂತ ಕೊಟ್ರಾ? ಗುರುತು ಹಿಡಿದು ಬೇಗ ಕರ್ಕೊಂಡು ಬಂದಿದ್ದೀರಲ್ಲ, ಅದನ್ನ ನೋಡಿ."

ಅತ್ತೆಗೆ ಸಮಾಧಾನವಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಜಾತ್ರೆಯಲ್ಲಿ ಮಗುವನ್ನು ಹಿಡಿದುಕೊಳ್ಳುವಂತೆ, ನಿದ್ದೆ ಹೋದ ಮಗನ ಮಣಿಕಟ್ಟನ್ನು ದಾರಿಯುದ್ದಕ್ಕೂ ಹಿಡಿದೇ ಕೂತಿದ್ದರು.

ಮಾತ್ರೆ ನಿಧಾನಕ್ಕೆ ಹಿಡಿಯಿತು. ತಿಂಗಳುಗಳು ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಗಂಡ, ಸಾರಿಗೆ ಉಪ್ಪೇ ಇಲ್ಲ ಎಂದು ನನ್ನ ಮೇಲೆ ರೇಗಿದರು. ಅತ್ತೆ ಅಡುಗೆಮನೆಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡರು. "ಬೈದ ಕಣವ್ವ! ಅವ್ನಿಗೆ ರುಚಿ ಗೊತ್ತಾಯ್ತು!" ಇಬ್ಬರೂ ಅಳುತ್ತಾ ನಕ್ಕೆವು. ಆಮೇಲೆ ಇವರೂ ಗಿರಣಿಗೆ ಹೋಗಿ ಅಮ್ಮನ ಜೊತೆ ನಿಂತರು.

ಕೆಲವು ವರ್ಷಗಳ ನಂತರ ಅದು ಅತ್ತೆಯನ್ನೇ ಹುಡುಕಿಕೊಂಡು ಬಂತು. ಈ ಸಲ ಸಾವು, ನಷ್ಟ, ಏನೂ ಕಾರಣವಿರಲಿಲ್ಲ. ಒಂದು ದಿನ ನನ್ನನ್ನು ಕರೆದು "ಬಂತು ಕಣವ್ವ, ಅದೇ" ಅಂದರು. ಮತ್ತೆ ಮೈಸೂರಿಗೆ ಹೋದೆವು. ಕೊಟ್ಟ ಮಾತ್ರೆಯನ್ನೆಲ್ಲ ಮಗುವಿನಂತೆ ನುಂಗಿದರು. ಡಾಕ್ಟರು ಮಾತ್ರೆ ಬದಲಿಸಿದರು, ಅದನ್ನೂ ನುಂಗಿದರು. ನನ್ನ ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಶಾಲೆಯ ಸುದ್ದಿ ಹೇಳುತ್ತಿದ್ದಳು. ಅವಳು ಎದ್ದು ಹೋದ ಮೇಲೆ ಒಮ್ಮೆ ಅತ್ತೆ ಅಂದರು: "ಇವಳ ನೋಡಿದ್ರೆ ಸಂತೋಸ ಆಗ್ಬೇಕು ಅಂತ ಗೊತ್ತದೆ ಕಣವ್ವ. ಆಯ್ತಾ ಇಲ್ಲ."

ಆ ಬೇಸಿಗೆಯ ಒಂದು ಮಧ್ಯಾಹ್ನ, ಮಲಗಿದ್ದಲ್ಲೇ ಅವರ ಹೃದಯ ನಿಂತಿತು. ಇನ್ನಷ್ಟು ದಿನ ಸಿಕ್ಕಿದ್ದರೆ ಅವರೂ ಮಗನ ಹಾಗೆ ಅದರಿಂದ ಹೊರಗೆ ಬರುತ್ತಿದ್ದರೇನೋ. ಬರದೆ ಹೋದರು ಎಂಬುದೇ ಇವತ್ತಿಗೂ ನನ್ನ ಸಂಕಟ.

ಹಾಲುತುಪ್ಪದ ದಿನ ಸಮಾಧಿಗೆ ಎಡೆಯಿಟ್ಟು ಬಂದು ನೆಂಟರೆಲ್ಲ ಊಟ ಮುಗಿಸಿ ಕೂತಿದ್ದರು. ಗಂಡನ ದೊಡ್ಡಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಾ "ಒಳಗೊಳಗೇ ಏನ್ ಕೊರಗಿತ್ತೋ ಪಾಪ" ಅಂದು ನನ್ನ ಕಡೆ ನೋಡಿದರು. ನನ್ನ ಗಂಡ ಎದ್ದು ನಿಂತರು.

"ಕೊರಗಲ್ಲ ದೊಡ್ಡಪ್ಪ, ಕಾಯಿಲೆ. ನಮ್ಮವ್ವನ ಕಡೆ ವಂಶದಲ್ಲೇ ಅದೆ. ನಂಗೂ ಬಂದಿತ್ತು. ಈಗ್ಲೂ ಮಾತ್ರೆ ತಕ್ಕತಾ ಇವ್ನಿ. ಅವ್ವ ಅವತ್ತು ಎಳ್ಕೊಂಡೋಗದಿದ್ರೆ ನಾನಿರ್ತಿರ್ಲಿಲ್ಲ."

ಇಷ್ಟು ಹೇಳಿ ಇವರು ಹೋಗಿ ಅಮ್ಮನ ಫೋಟೋದ ಮುಂದಿನ ದೀಪಕ್ಕೆ ಎಣ್ಣೆ ಹಾಕಿದರು.

ಸಂಜೆ ನಾನು ಪಾತ್ರೆ ಎತ್ತಿಡುತ್ತಿರುವಾಗ ಹಿಂದಿನ ಬೀದಿಯ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ನಿಂತಳು. ಗಿರಣಿಗೆ ಬರುತ್ತಿದ್ದವಳು, ಅಷ್ಟೇ ಪರಿಚಯ. ಇವರು ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು.

"ನನ್ ಮಗ್ಳು ಎದ್ದು ತಲೆ ಬಾಚ್ಕೊಂಡು ತಿಂಗ್ಳಾಯ್ತು ಕಣಕ್ಕ," ಅಂದಳು. "ಆ ಡಾಕ್ಟ್ರು ಎಲ್ ಸಿಕ್ತಾರೆ?"

ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡೋಣ, ನಾನೂ ಬರುತ್ತೇನೆ ಅಂದೆ.